ಜನವರಿಯ ಸ್ಪೆಷಲ್ ಕ್ಲಾಸ್ ಸಾಕು, ಜೂನ್‌ನಲ್ಲೇ ಮಕ್ಕಳ ಪಕ್ಕ ಕೂರಿ

ಚಿಕ್ಕಬಳ್ಳಾಪುರ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಪುರುಸೊತ್ತಿದ್ದರೆ ನಮ್ಮ ಜಿಲ್ಲೆಯ ಅಪ್ಪ ಅಮ್ಮಂದಿರಿಗೂ,

ನಮಸ್ಕಾರ.

ನಾನು ಚಿಂತಾಮಣಿಯಲ್ಲಿ ಮನೆಯಲ್ಲೇ ಟ್ಯೂಷನ್ ಹೇಳಿಕೊಡುವವಳು. ಐದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ, ಗಣಿತ ಮತ್ತು ವಿಜ್ಞಾನ. ಟ್ಯೂಷನ್ನೇ ನನ್ನ ಹೊಟ್ಟೆಪಾಡು. ಹಾಗಾಗಿ ಕೆಳಗೆ ಬರೆದಿರುವ ಕೆಲವು ಮಾತು ನನ್ನ ವ್ಯಾಪಾರಕ್ಕೇ ಕಲ್ಲು ಹಾಕುವಂಥವು. ಪರವಾಗಿಲ್ಲ.

ನಾನು ಕೇಳುವುದು ಇಷ್ಟೇ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವರ್ಷದ ಕೊನೆಯಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಸ್ಪೆಷಲ್ ಕ್ಲಾಸ್ ಇಡಲು ಇಲಾಖೆ ಹಾಕುವ ಶ್ರಮದಲ್ಲಿ ಅರ್ಧವನ್ನು ಜೂನ್ ತಿಂಗಳಿಗೆ ತನ್ನಿ. ಅದೂ ಐದು, ಆರು, ಏಳನೇ ಕ್ಲಾಸಿಗೆ. ಹಿಂದುಳಿದ ಮಕ್ಕಳನ್ನು ಅವರವರ ಮಟ್ಟ ನೋಡಿ ಸಣ್ಣ ಗುಂಪು ಮಾಡಿ, ಶಾಲೆಯ ಸಮಯದಲ್ಲೇ ದಿನಾ ಒಂದೂವರೆ ಗಂಟೆ, ಒಬ್ಬರು ಪಕ್ಕದಲ್ಲಿ ಕೂತು ಹೇಳಿಕೊಡಲಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಊರಲ್ಲಿ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಟ್ಯೂಷನ್‌ಗೆ ಕಳಿಸಿದರೆ ಮಾರ್ಕ್ಸ್ ಬರುತ್ತಾ ಮೇಡಂ?' ಬರುತ್ತದೆ ಅಂದುಬಿಟ್ಟರೆ ನನಗೆ ಲಾಭ. ರಿಸಲ್ಟ್ ಬಂದ ವಾರ ಊರಿನ ಕಾಂಪೌಂಡ್‌ಗಳ ಮೇಲೆಲ್ಲ ಮಕ್ಕಳ ಫೋಟೊ, 625ಕ್ಕೆ ಅಷ್ಟು, 625ಕ್ಕೆ ಇಷ್ಟು ಅಂತ ಬ್ಯಾನರ್ ಇರುತ್ತದೆ. ಆ ಮಕ್ಕಳಿಗೆ ಅಷ್ಟು ಮಾರ್ಕ್ಸ್ ಟ್ಯೂಷನ್‌ನಿಂದಲೇ ಬಂತಾ? ನನ್ನ ಹತ್ತಿರ ಬರುವ ಮಕ್ಕಳನ್ನೇ ನೋಡಿ. ರಾತ್ರಿ ಎಂಟಕ್ಕೆ ಕರೆದುಕೊಂಡು ಹೋಗಲು ಬೈಕ್ ತರುವ ಅಪ್ಪ ಇದ್ದಾರೆ. ಹೋಮ್‌ವರ್ಕ್ ಮುಗೀತಾ ಅಂತ ಕೇಳುವ ಅಮ್ಮ ಇದ್ದಾರೆ. ಮನೆಯಲ್ಲಿ ಓದಲು ಒಂದು ಮೂಲೆ ಇದೆ. ಇಂಥ ಮಗು ನನ್ನ ಹತ್ತಿರ ಬಾರದೆ ಇದ್ದರೂ ಒಂದು ಮಟ್ಟಕ್ಕೆ ಓದೇ ಓದುತ್ತಿತ್ತು. ಅದೇ ಕ್ಲಾಸಿನ ಇನ್ನೊಬ್ಬಳು ಸಂಜೆ ಮನೆಗೆ ಹೋಗಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಬೇಕು, ತಮ್ಮನನ್ನು ನೋಡಿಕೊಳ್ಳಬೇಕು. ಇವರಿಬ್ಬರ ಮಾರ್ಕ್ಸ್ ಪಕ್ಕಪಕ್ಕ ಇಟ್ಟು 'ನೋಡಿ ಟ್ಯೂಷನ್ ಮಹಿಮೆ' ಅನ್ನುವುದು ಮೋಸದ ಲೆಕ್ಕ. ಇದರ ಉಲ್ಟಾ ಕೂಡ ನಡೆಯುತ್ತದೆ. ಮಗು ಫೇಲಾಗುವ ಹಾಗಿದ್ದಾಗ ಗಾಬರಿಯಿಂದ ಟ್ಯೂಷನ್‌ಗೆ ತಂದು ಬಿಡುತ್ತಾರೆ, ಅದು ಕಡಿಮೆ ಮಾರ್ಕ್ಸ್ ತೆಗೆಯುತ್ತದೆ, ಆಮೇಲೆ ಟ್ಯೂಷನ್ ದಂಡ ಅನ್ನುತ್ತಾರೆ. ಅದೂ ತಪ್ಪೇ.

ಸರಿಯಾಗಿ ತಿಳಿಯಬೇಕಾದರೆ ಒಂದೇ ಥರದ ಮಕ್ಕಳಲ್ಲಿ ಚೀಟಿ ಎತ್ತಿ ಕೆಲವರಿಗೆ ಕೊಡಬೇಕು, ಕೆಲವರಿಗೆ ಕೊಡಬಾರದು, ಆಮೇಲೆ ಎರಡೂ ಗುಂಪಿಗೆ ಒಂದೇ ಪರೀಕ್ಷೆ ಇಡಬೇಕು. ಈ ರೀತಿ ಮಾಡಿದ ಅಧ್ಯಯನಗಳು ಬೇಕಾದಷ್ಟಿವೆ. 1984ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಶಿಕ್ಷಣತಜ್ಞರು, ಒಬ್ಬರಿಗೊಬ್ಬರು ಕೂತು ಹೇಳಿಕೊಟ್ಟರೆ ಸಾಧಾರಣ ಮಗು ನೂರು ಮಕ್ಕಳಲ್ಲಿ ಮೇಲಿನ ಎರಡು ಮೂರು ಮಕ್ಕಳ ಮಟ್ಟಕ್ಕೆ ಹೋಗುತ್ತದೆ ಎಂದು ಬರೆದರು. ಈಗಲೂ ಆನ್‌ಲೈನ್ ಕೋಚಿಂಗ್‌ನವರು ಅದನ್ನೇ ಹೇಳಿ ಮಾರುತ್ತಾರೆ. ಆಮೇಲಿನ ಅಧ್ಯಯನಗಳಲ್ಲಿ ಅಷ್ಟೊಂದು ಕಾಣಲಿಲ್ಲ. 2020ರಲ್ಲಿ ಮೂವರು ಸಂಶೋಧಕರು ಚೀಟಿ ಎತ್ತಿ ಮಾಡಿದ 96 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿ ಪರಿಣಾಮ 0.37 ಮಾನಕ ವಿಚಲನೆ. ಇದನ್ನು ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ನೂರು ಮಕ್ಕಳನ್ನು ಮಾರ್ಕ್ಸ್ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ಸರಿಯಾಗಿ ನಡುವೆ ನಿಂತಿದ್ದ ಮಗು ಹದಿನಾಲ್ಕು ಜನರನ್ನು ದಾಟಿ ಮುಂದೆ ಹೋಗುತ್ತದೆ. ಬ್ಲೂಮ್ ಹೇಳಿದಷ್ಟು ಇಲ್ಲ. ಆದರೂ ಶಿಕ್ಷಣದಲ್ಲಿ ಇಷ್ಟು ಸಿಗುವುದು ಬಹಳ ಅಪರೂಪ.

ಆ ಅಧ್ಯಯನದಲ್ಲೇ ಇನ್ನೂ ಮೂರು ವಿಷಯ ಇವೆ. ಅವನ್ನು ನೀವು ದಯವಿಟ್ಟು ಗಮನಿಸಬೇಕು. ಹೇಳಿಕೊಡುವವರು ತರಬೇತಿ ಪಡೆದವರಾಗಿ, ಸಂಬಳಕ್ಕೆ ಬರುವವರಾದರೆ ಪರಿಣಾಮ ಜಾಸ್ತಿ. ಪುಕ್ಕಟೆ ಬರುವ ಸ್ವಯಂಸೇವಕರಿಂದ ಕಡಿಮೆ. ಚಿಕ್ಕ ಕ್ಲಾಸುಗಳಲ್ಲಿ ಒಟ್ಟಾರೆ ಹೆಚ್ಚು ಫಲ. ಮತ್ತು ಶಾಲೆ ಬಿಟ್ಟ ಮೇಲೆ ಕೊಡುವುದಕ್ಕಿಂತ ಶಾಲೆಯ ಸಮಯದಲ್ಲೇ ಕೊಟ್ಟರೆ ಹೆಚ್ಚು ಫಲ. ಸಂಜೆ ಐದರ ಮೇಲೆ ಅಂಗಡಿ ತೆರೆಯುವ ನನ್ನಂಥವಳು ಈ ಕೊನೆಯ ಮಾತನ್ನು ಹೇಳಬಾರದು, ಆದರೆ ಸುಮ್ನೆ ಮುಚ್ಚಿಟ್ಟು ಏನು ಪ್ರಯೋಜನ.

ಅಮೆರಿಕದ ಕಥೆ ನಮಗ್ಯಾಕೆ ಅನ್ನಬೇಡಿ. ನಮ್ಮ ದೇಶದ್ದೇ ಇದೆ. 2001ರಿಂದ 2003ರವರೆಗೆ ವಡೋದರಾ ಮತ್ತು ಮುಂಬೈನ ಸರ್ಕಾರಿ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ 'ಬಾಲಸಖಿ' ಎಂಬ ಕಾರ್ಯಕ್ರಮ ನಡೆಸಿತು. ಕಲಿಸಿದವರು ಅಲ್ಲಲ್ಲಿಯ ಬಡಾವಣೆಯ ಹೆಣ್ಣುಮಕ್ಕಳು, ಹೈಸ್ಕೂಲ್ ಮುಗಿಸಿದವರು. ಅವರಿಗೆ ಸಂಸ್ಥೆ ಎರಡು ವಾರದ ತರಬೇತಿ ಕೊಟ್ಟಿತು. ಅವರು ಮೂರು, ನಾಲ್ಕನೇ ಕ್ಲಾಸಿನಲ್ಲಿ ಹಿಂದೆ ಬಿದ್ದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಾ ಎರಡು ಗಂಟೆ ಕ್ಲಾಸಿನಿಂದ ಆಚೆ ಕರೆದುಕೊಂಡು ಹೋಗಿ ಓದು, ಲೆಕ್ಕ ಹೇಳಿಕೊಟ್ಟರು. ಎರಡನೇ ವರ್ಷದ ಕೊನೆಗೆ ಬಾಲಸಖಿ ಸಿಕ್ಕ ಕ್ಲಾಸುಗಳ ಮಕ್ಕಳು ಸಿಗದ ಕ್ಲಾಸುಗಳ ಮಕ್ಕಳಿಗಿಂತ 0.28 ಮಾನಕ ವಿಚಲನೆ ಮುಂದಿದ್ದರು. ಜಾಸ್ತಿ ಲಾಭ ಆಗಿದ್ದು ತೀರಾ ಕೆಳಗಿದ್ದ ಮಕ್ಕಳಿಗೆ. ಆ ಹೆಣ್ಣುಮಕ್ಕಳಿಗೆ ಆಗ ಕೊಟ್ಟಿದ್ದು ತಿಂಗಳಿಗೆ 500ರಿಂದ 750 ರೂಪಾಯಿ. ಇದನ್ನು ಅಳೆದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಇದ್ದರು. ಇಬ್ಬರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಒಂದು ಕಹಿ ಸಂಗತಿಯೂ ಇದೆ. ಕಾರ್ಯಕ್ರಮ ನಿಂತ ಒಂದು ವರ್ಷಕ್ಕೆ ಆ ಲಾಭದ ಬಹುಪಾಲು ಕರಗಿಹೋಗಿತ್ತು. ಅಂದರೆ ಒಂದು ವರ್ಷ ಮಾಡಿ ಫೋಟೊ ತೆಗೆಸಿಕೊಂಡು ಬಿಡುವ ಕೆಲಸ ಇದಲ್ಲ.

ಉತ್ತರಪ್ರದೇಶದ ಜೌನ್‌ಪುರದಲ್ಲಿ ಇದೇ ಸಂಶೋಧಕರು ನೋಡಿದ ಇನ್ನೊಂದು ಪ್ರಯೋಗ ಇದಕ್ಕಿಂತ ಮುಖ್ಯ ಅನಿಸುತ್ತದೆ ನನಗೆ. ಅಲ್ಲಿ ಊರಿನ ಯುವಕ ಯುವತಿಯರು ಶಾಲೆ ಬಿಟ್ಟ ಮೇಲೆ ಓದುವ ಶಿಬಿರ ನಡೆಸಿದರು, ಪುಕ್ಕಟೆಯಾಗಿ. ಹೋದ ಮಕ್ಕಳು ಚೆನ್ನಾಗಿ ಕಲಿತರು, ಅಕ್ಷರ ಗೊತ್ತಿಲ್ಲದವರು ಅಕ್ಷರ ಕಲಿತರು, ಅಕ್ಷರ ಗೊತ್ತಿದ್ದವರು ಓದಲು ಶುರು ಮಾಡಿದರು. ಆದರೆ ಹೋಗಿದ್ದೇ ನೂರಕ್ಕೆ ಎಂಟು ಮಕ್ಕಳು! ಓದಲು ಬಾರದ ಮಕ್ಕಳಲ್ಲೂ ಹೆಚ್ಚಿನವರು ಹೋಗಲೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ಸಂಜೆ ಐದರಿಂದ ಏಳರವರೆಗೆ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತು. ಡೇರಿಗೆ ಹಾಲು ಹಾಕುವ ಹೊತ್ತು. ಹಿಪ್ಪುನೇರಳೆ ಸೊಪ್ಪು ತರುವ ಹೊತ್ತು. ಟೊಮೆಟೊ ಕಾಲದಲ್ಲಂತೂ ಕ್ರೇಟು ತುಂಬಿ ಗಾಡಿಗೆ ಹೇರುವ ಹೊತ್ತು. ಯಾವ ಮಗುವಿಗೆ ನಮ್ಮ ಸಹಾಯ ಎಲ್ಲರಿಗಿಂತ ಹೆಚ್ಚು ಬೇಕೋ ಆ ಮಗು ಸಂಜೆ ಬರಲಾರದು. ಆದ್ದರಿಂದಲೇ ಶಾಲೆಯ ಸಮಯ ಅಂತ ನಾನು ಹಟ ಹಿಡಿಯುತ್ತಿರುವುದು.

ಈಗ ನಮ್ಮ ಸ್ಪೆಷಲ್ ಕ್ಲಾಸಿಗೆ ಬರೋಣ. ಮೇಷ್ಟ್ರುಗಳ ಶ್ರಮವನ್ನು ನಾನು ಹಳಿಯುವುದಿಲ್ಲ. ಬೆಳಗಿನ ಜಾವ ಮಕ್ಕಳಿಗೆ ಫೋನ್ ಮಾಡಿ ಎಬ್ಬಿಸುವವರಿದ್ದಾರೆ, ತಮ್ಮ ದುಡ್ಡಲ್ಲಿ ಬಿಸ್ಕತ್ ತಂದು ಕೊಡುವವರಿದ್ದಾರೆ, ಐದೈದು ಮಕ್ಕಳನ್ನು ದತ್ತು ತೆಗೆದುಕೊಂಡು ಮನೆಮನೆಗೆ ಹೋಗುವವರಿದ್ದಾರೆ. ಆದರೆ ಆ ಕ್ಲಾಸಿನೊಳಗೆ ನಡೆಯುವುದೇನು? ಇಡೀ ಸೆಕ್ಷನ್ ಒಟ್ಟಿಗೆ ಕೂರುತ್ತದೆ. ಪಾಸಿಂಗ್ ಪ್ಯಾಕೇಜ್ ಅಂತ ಒಂದಿಷ್ಟು ಪ್ರಶ್ನೆ, ಚಿತ್ರ, ಪ್ರಮೇಯ ಆರಿಸಿ ಬಾಯಿಪಾಠ ಮಾಡಿಸುತ್ತಾರೆ. ಥೇಲ್ಸ್ ಪ್ರಮೇಯವನ್ನು ಬಾಯಿಪಾಠ ಹೊಡೆದು ಅಚ್ಚುಕಟ್ಟಾಗಿ ಬರೆಯುವ ಹುಡುಗನಿಗೆ 402ರಲ್ಲಿ 178 ಕಳೆ ಅಂದರೆ ದಶಕ ತಗೊಳ್ಳಲು ಬರುವುದಿಲ್ಲ. ಇದು ನಾನು ಕಂಡ ಮಕ್ಕಳ ಮಾತು. ಶಾಲೆಗಳಿಗೆ ಹೋಗಿ ನೋಡುವ ನಿಮ್ಮ ಸಿಆರ್‌ಪಿಗಳನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳನ್ನು) ಕೇಳಿ, ಅವರೂ ಇದನ್ನೇ ಹೇಳುತ್ತಾರೆ.

ಇದರ ಫಲ ಏನಾಯಿತು ಅಂತ 2024ರಲ್ಲಿ ಇಡೀ ರಾಜ್ಯ ನೋಡಿತು. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ಮೊದಲ ವರ್ಷ ಅದು. 2023ರಲ್ಲಿ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಬಂತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಕೃಪಾಂಕ ಕೊಡದೆ ಇದ್ದಿದ್ದರೆ ಎಷ್ಟಾಗುತ್ತಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಕ್ಯಾಮೆರಾ ಬಂದಿದ್ದು ಒಳ್ಳೆಯದೇ. ಆದರೆ ಅದು ರೋಗ ತೋರಿಸುತ್ತದೆ, ಔಷಧಿ ಕೊಡುವುದಿಲ್ಲ ಅಲ್ವಾ? ಹತ್ತನೇ ಕ್ಲಾಸಿನಲ್ಲಿ ಕಾಣಿಸಿದ್ದು ನಾಲ್ಕನೇ ಕ್ಲಾಸಿನಲ್ಲಿ ಶುರುವಾಗಿದ್ದು.

ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ತೊಡಕಿದೆ. ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ ಕಡೆ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ, ಈಗ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಬೇರೆ ಬಂದಿವೆ. ಲೆಕ್ಕ ಬರದೆ ಕೂತಿದೆ ಅಂತ ನಾವು ಅಂದುಕೊಂಡ ಮಗುವಿಗೆ ನಿಜವಾಗಿ ಲೆಕ್ಕದ ವಾಕ್ಯವೇ ಅರ್ಥವಾಗಿರುವುದಿಲ್ಲ. ಅರವತ್ತು ಮಕ್ಕಳ ಸ್ಪೆಷಲ್ ಕ್ಲಾಸಿನಲ್ಲಿ ಇದು ಗೊತ್ತಾಗುವುದೇ ಇಲ್ಲ. ಏಳೆಂಟು ಮಕ್ಕಳ ನಡುವೆ ಕೂತರೆ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ಒಂದು ಮಾತು ತೆಲುಗಿನಲ್ಲಿ ಹೇಳಿ ಆಮೇಲೆ ಅದನ್ನೇ ಕನ್ನಡದಲ್ಲಿ ಓದಿಸಿದರೆ ಮುಗಿಯಿತು.

ಸಂತೆಯ ಮಕ್ಕಳ ವಿಷಯವೂ ಹೀಗೇ. ಅಪ್ಪನ ಹೂವಿನ ಗಾಡಿಯಲ್ಲಿ ಕೂತು ಎರಡು ಮೊಳ, ಮೂರು ಮೊಳ, ಚಿಲ್ಲರೆ ವಾಪಸ್ಸು ಅಂತ ಪಟಪಟ ಲೆಕ್ಕ ಹೇಳುವ ಹುಡುಗಿ ನೋಟ್‌ಬುಕ್ಕಿನಲ್ಲಿ ಅದೇ ಭಾಗಾಕಾರ ಬಂದರೆ ಪೆನ್ಸಿಲ್ ಕಚ್ಚುತ್ತಾಳೆ. ಇದು ಬರೀ ನಮ್ಮೂರಿನ ಕಥೆ ಅಂದುಕೊಂಡಿದ್ದೆ. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಮೇಲೆ ಮಾಡಿದ ಅಧ್ಯಯನ ಬಂತು. ಅಲ್ಲೂ ಇದೇ: ವ್ಯಾಪಾರದ ಲೆಕ್ಕ ತಲೆಯಲ್ಲೇ ಮಾಡುವ ಮಕ್ಕಳಿಗೆ ಪುಸ್ತಕದ ಲೆಕ್ಕ ಕಷ್ಟ, ಪುಸ್ತಕದ ಲೆಕ್ಕ ಬರುವ ಶಾಲಾ ಮಕ್ಕಳಿಗೆ ವ್ಯಾಪಾರದ ಲೆಕ್ಕ ಕಷ್ಟ. ಇಂಥ ಮಗುವಿಗೆ ತಲೆ ಇಲ್ಲ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅವಳಿಗೆ ಬೇಕಿರುವುದು ಹೂವಿನ ಲೆಕ್ಕದಿಂದ ನೋಟ್‌ಬುಕ್ಕಿನ ಲೆಕ್ಕಕ್ಕೆ ಕೈಹಿಡಿದು ದಾಟಿಸುವ ಒಬ್ಬರು. ಕೆಲವೇ ವಾರದ ಕೆಲಸ.

'ಪ್ರತಿ ವರ್ಷ ಶುರುವಿನಲ್ಲಿ ಹಿಂದಿನ ಕ್ಲಾಸಿನ ಪಾಠ ನೆನಪಿಸುವ ಸೇತುಬಂಧ ಮಾಡುತ್ತೇವಲ್ಲ, ಕೊರೊನಾ ಆದಮೇಲೆ ಕಲಿಕಾ ಚೇತರಿಕೆ ಮಾಡಿದೆವಲ್ಲ' ಅನ್ನಬಹುದು. ಮಾಡಿದ್ದೀರಿ, ಹೆಸರು ಚೆನ್ನಾಗಿದೆ, ಉದ್ದೇಶವೂ ಚೆನ್ನಾಗಿದೆ. ಆದರೆ ಏಳನೇ ಕ್ಲಾಸಿನ ಸೇತುಬಂಧದಲ್ಲಿ ಕೇಳುವುದು ಆರನೇ ಕ್ಲಾಸಿನ ಪಾಠ. ಮೂರನೇ ಕ್ಲಾಸಿನ ಮಟ್ಟದಲ್ಲಿ ನಿಂತ ಮಗು ಪೂರ್ವ ಪರೀಕ್ಷೆಯಲ್ಲೂ ಸೊನ್ನೆ, ಸಾಫಲ್ಯ ಪರೀಕ್ಷೆಯಲ್ಲೂ ಸೊನ್ನೆ. ಜುಲೈ ಬಂದ ಕೂಡಲೇ ಪಠ್ಯ ಶುರು, ರಿಜಿಸ್ಟರ್ ಭರ್ತಿ, ಮುಗೀತು.

ಇಲ್ಲಿ ನಿಮಗೊಂದು ಎಚ್ಚರಿಕೆ ಹೇಳಲೇಬೇಕು, ಇಲ್ಲವಾದರೆ ಆರು ತಿಂಗಳಾದ ಮೇಲೆ 'ಏನೂ ಪ್ರಯೋಜನ ಆಗಲಿಲ್ಲ' ಅಂತ ನೀವೇ ನಿಲ್ಲಿಸಿಬಿಡುತ್ತೀರಿ. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ಮೈಂಡ್‌ಸ್ಪಾರ್ಕ್ ಎಂಬ ಕೇಂದ್ರಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಮತ್ತು ಸಣ್ಣ ಗುಂಪಿನ ಪಾಠ ಎರಡನ್ನೂ ಸೇರಿಸಿ ಹೇಳಿಕೊಟ್ಟರು. ಮಗು ಎಲ್ಲಿದೆಯೋ ಅಲ್ಲಿಂದ ಶುರು. ಆರನೇ ಕ್ಲಾಸಿನ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ಕ್ಲಾಸ್ ಹಿಂದಿದ್ದರು. ನಾಲ್ಕೂವರೆ ತಿಂಗಳಲ್ಲಿ ಚೀಟಿಯಲ್ಲಿ ಅವಕಾಶ ಸಿಕ್ಕ ಮಕ್ಕಳು ಸಿಗದವರಿಗಿಂತ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಮಾನಕ ವಿಚಲನೆ ಮೇಲೆ ಬಂದರು. 2019ರಲ್ಲಿ ಪ್ರಕಟವಾದ ಅಧ್ಯಯನ ಇದು, ಮುರಳೀಧರನ್ ಮತ್ತು ಅವರ ಜೊತೆಗಾರರದ್ದು. ಆದರೆ ಅದೇ ಮಕ್ಕಳ ಶಾಲೆಯ ಗಣಿತ ಪರೀಕ್ಷೆಯ ಮಾರ್ಕ್ಸ್ ನೋಡಿದರೆ ಹೆಚ್ಚಿರಲಿಲ್ಲ! ಯಾಕೆ? ಮೂರನೇ ಕ್ಲಾಸಿನ ಮಟ್ಟದಿಂದ ನಾಲ್ಕಕ್ಕೆ ಏರಿದ ಮಗುವಿಗೆ ಏಳನೇ ಕ್ಲಾಸಿನ ಪ್ರಶ್ನೆಪತ್ರಿಕೆ ಕೊಟ್ಟರೆ ಮೊದಲೂ ಸೊನ್ನೆ, ಈಗಲೂ ಸೊನ್ನೆ. ಮಗು ಕಲಿತಿದೆ, ಪರೀಕ್ಷೆಗೆ ಅದು ಕಾಣುತ್ತಿಲ್ಲ. ನನ್ನ ಹತ್ತಿರ ಬರುವ ಮಕ್ಕಳ ಅಪ್ಪಂದಿರಿಗೂ ಇದನ್ನೇ ಹೇಳುತ್ತಿರುತ್ತೇನೆ: ಮೂರು ತಿಂಗಳಾಯಿತು ಮಾರ್ಕ್ಸ್ ಎಲ್ಲಿ ಅಂತ ಕೇಳಬೇಡಿ, ನ್ಯೂಸ್‌ಪೇಪರ್ ಕೊಟ್ಟು ಓದಿಸಿ ನೋಡಿ. ಕೆಲವರು ಕೇಳುತ್ತಾರೆ, ಕೆಲವರು ಮುಂದಿನ ತಿಂಗಳು ಬೇರೆ ಕಡೆ ಸೇರಿಸುತ್ತಾರೆ.

ಹಾಗಾಗಿ ಅಳೆಯುವುದಕ್ಕೆ ಬೇರೆಯೇ ಒಂದು ಹಾಳೆ ಸಾಕು. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯವರು ಮಾಡುವ ಹಾಗೆ ಅಕ್ಷರ, ಪದ, ಸಣ್ಣ ಪ್ಯಾರಾ, ಒಂದು ಕಥೆ. ಆ ಕಡೆ ಅಂಕಿ ಗುರುತಿಸುವುದು, ಕಳೆಯುವುದು, ಭಾಗಿಸುವುದು. ಒಂದು ಮಗುವಿಗೆ ಕೆಲವು ನಿಮಿಷ ಸಾಕು. ಜೂನ್‌ನಲ್ಲಿ ಒಂದು ಸಲ, ದಸರಾ ರಜೆಗೆ ಮುಂಚೆ ಒಂದು ಸಲ, ವರ್ಷದ ಕೊನೆಗೆ ಒಂದು ಸಲ. ಅದರ ಮೇಲೆ ಗುಂಪು ಮಾಡಿ, ಕ್ಲಾಸ್ ಯಾವುದಾದರೂ ಇರಲಿ. ಐದನೇ ಕ್ಲಾಸಿನವನೂ ಏಳನೇ ಕ್ಲಾಸಿನವನೂ ಒಂದೇ ಗುಂಪಿನಲ್ಲಿ ಕೂತರೆ ದೊಡ್ಡವನಿಗೆ ನಾಚಿಕೆ ಆಗುತ್ತದೆ, ನಿಜ. ಎರಡು ವಾರ ಇರುತ್ತದೆ ಅದು. ಮಾರ್ಚ್‌ನಲ್ಲಿ ಫೇಲಾಗುವ ನಾಚಿಕೆಗಿಂತ ಸಣ್ಣದು.

ಕಾನೂನು ಕೂಡ ನಿಮ್ಮ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರತಿ ಮಗುವಿನ ಕಲಿಕೆಯ ಮಟ್ಟ ನೋಡಿ ಬೇಕಾದರೆ ಹೆಚ್ಚುವರಿ ಪಾಠ ಹೇಳಿಕೊಡುವುದು ಶಿಕ್ಷಕರ ಕರ್ತವ್ಯ ಅನ್ನುತ್ತದೆ. 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅನ್ನುತ್ತದೆ. ಎರಡನೆಯದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ತನ್ನ ಕ್ಲಾಸಿನ ಮಕ್ಕಳನ್ನೇ ಸಂಜೆ ಟ್ಯೂಷನ್‌ಗೆ ಕರೆಯುವವರು, ಬಾರದವರಿಗೆ ಇಂಟರ್ನಲ್ ಮಾರ್ಕ್ಸ್ ಹೆಸರು ಹೇಳಿ ಹೆದರಿಸುವವರು ನಮ್ಮ ಕಡೆಯೂ ಇದ್ದಾರೆ. ಯಾವ ಶಾಲೆ ಅಂತ ಬರೆಯುವುದಿಲ್ಲ, ಊರಿಗೆಲ್ಲ ಗೊತ್ತಿದೆ. ನೇಪಾಳದಲ್ಲಿ ಸೀಮಾ ಜಯಚಂದ್ರನ್ ಎಂಬ ಅರ್ಥಶಾಸ್ತ್ರಜ್ಞೆ ಇದನ್ನೇ ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು: ಶಾಲೆಯವರೇ ತಮ್ಮ ಮಕ್ಕಳಿಗೆ ದುಡ್ಡಿನ ಟ್ಯೂಷನ್ ನಡೆಸಿದರೆ ಹಗಲು ಕ್ಲಾಸಿನಲ್ಲಿ ಪಾಠ ಕಡಿಮೆ ಮಾಡುತ್ತಾರೆ, ಏಟು ಬೀಳುವುದು ದುಡ್ಡು ಕೊಡಲಾಗದ ಮಕ್ಕಳಿಗೆ. ಬಿಹಾರ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ 2022ರ ಅಸರ್ ಪ್ರಕಾರ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಮಕ್ಕಳು ದುಡ್ಡು ಕೊಟ್ಟು ಟ್ಯೂಷನ್‌ಗೆ ಹೋಗುತ್ತಿದ್ದರು. ನಾವಿನ್ನೂ ಅಲ್ಲಿಗೆ ಹೋಗಿಲ್ಲ, ಹೋಗದೆ ಇರುವುದೇ ಒಳ್ಳೆಯದು. ನನ್ನ ಹೊಟ್ಟೆಪಾಡಿನ ಮಾತು ಬೇರೆ.

ಯಾರು ಕಲಿಸುವುದು? ಶಿಕ್ಷಕರ ತಲೆಗೇ ಮತ್ತೆ ಕಟ್ಟಬೇಡಿ. ಅವರಿಗೆ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಸಮೀಕ್ಷೆ, ಚುನಾವಣೆ, ಆನ್‌ಲೈನ್ ಎಂಟ್ರಿ ಎಲ್ಲ ಇದೆ. ನಮ್ಮ ತಾಲ್ಲೂಕುಗಳಲ್ಲಿ ಡಿಗ್ರಿ, ಡಿಎಡ್, ಬಿಎಡ್ ಮುಗಿಸಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳು ಊರಿಗೆ ಹತ್ತು ಜನ ಸಿಗುತ್ತಾರೆ. ಮದುವೆಯಾಗಿ ಬಂದವರು, ಮಗು ಚಿಕ್ಕದಿದೆ ಅಂತ ಬೆಂಗಳೂರಿಗೆ ಹೋಗಲಾಗದವರು. ಅರ್ಧ ದಿನದ ಕೆಲಸ, ಗೌರವಧನ ಪ್ರತಿ ತಿಂಗಳು ಹೊತ್ತಿಗೆ ಸರಿಯಾಗಿ ಖಾತೆಗೆ. ಈ 'ಹೊತ್ತಿಗೆ ಸರಿಯಾಗಿ' ಅನ್ನುವುದನ್ನು ಅತಿಥಿ ಶಿಕ್ಷಕರನ್ನು ಕೇಳಿ, ಅವರು ಬಿಡಿಸಿ ಹೇಳುತ್ತಾರೆ. ಸಿಇಒ ಸಾಹೇಬರೇ, ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿವೆ (ಊರಿನ ಲೈಬ್ರರಿಗಳು), 2020ರಲ್ಲಿ 'ಓದುವ ಬೆಳಕು' ಅಂತ ಮಕ್ಕಳಿಗೆ ಅಲ್ಲಿ ಪುಕ್ಕಟೆ ಸದಸ್ಯತ್ವ ಕೊಟ್ಟಿರಿ. ಶಾಲೆಯಲ್ಲಿ ಕೊಠಡಿ ಇಲ್ಲದ ಕಡೆ ಆ ಜಾಗ ಕೊಡಿ. ಕೊರೊನಾ ವರ್ಷದಲ್ಲಿ ವಿದ್ಯಾಗಮ ನಡೆದಾಗ ದೇವಸ್ಥಾನದ ಜಗಲಿ, ಅರಳಿಕಟ್ಟೆಯ ಮೇಲೆ ಸಣ್ಣ ಗುಂಪಿನಲ್ಲಿ ಪಾಠ ಆಯಿತಲ್ಲ, ಸೋಂಕಿನ ಭಯಕ್ಕೆ ನಿಲ್ಲಿಸಿದ್ದು ಬೇರೆ ಮಾತು. ಜಾಗದ ನೆಪ ಹೇಳುವ ಹಾಗಿಲ್ಲ.

ಏಪ್ರಿಲ್, ಮೇ ರಜೆಗೆ ಇನ್ನೊಂದು ಅಗ್ಗದ ದಾರಿ ಇದೆ. ಬೋಟ್ಸ್‌ವಾನಾ ದೇಶದಲ್ಲಿ ಲಾಕ್‌ಡೌನ್ ಸಮಯದಲ್ಲಿ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಮಗುವಿಗೆ ಫೋನ್ ಮಾಡಿ ಲೆಕ್ಕ ಹೇಳಿಕೊಟ್ಟರು, ಜೊತೆಗೆ ಮೆಸೇಜ್ ಕಳಿಸಿದರು. ಕಲಿಕೆ ಹೆಚ್ಚಿತು. ಬರೀ ಮೆಸೇಜ್ ಕಳಿಸಿದ ಮನೆಗಳಲ್ಲಿ ಅಂಥದ್ದೇನೂ ಆಗಲಿಲ್ಲ. ನಮ್ಮ ವಾಟ್ಸ್ಯಾಪ್ ಗ್ರೂಪಿಗೆ ಪಿಡಿಎಫ್ ಹಾಕಿ ಕೈ ತೊಳೆದುಕೊಳ್ಳುವವರು ಇದನ್ನು ಓದಿಕೊಳ್ಳಬೇಕು.

ಮತ್ತೆ, ಮೊದಲ ವರ್ಷವೇ ಇಡೀ ಜಿಲ್ಲೆಗೆ ಹರಡಬೇಡಿ. ದೊಡ್ಡದಾದಷ್ಟೂ ಟ್ಯೂಷನ್‌ನ ಫಲ ಕಡಿಮೆಯಾಗುತ್ತದೆ ಅಂತ ಅಮೆರಿಕದ ಅನುಭವವೇ ಹೇಳುತ್ತಿದೆ. ಗುಂಪು ದೊಡ್ಡದಾಗುತ್ತದೆ, ಕಲಿಸುವವರು ಬದಲಾಗುತ್ತಲೇ ಇರುತ್ತಾರೆ, ವಾರದ ದಿನಗಳು ತಪ್ಪುತ್ತವೆ. ಒಂದು ತಾಲ್ಲೂಕಿನಲ್ಲಿ ಕೆಲವು ಶಾಲೆಗಳನ್ನು ಚೀಟಿ ಎತ್ತಿ ಆರಿಸಿ. ಚೀಟಿ ಬಾರದ ಶಾಲೆಗಳ ಮಕ್ಕಳನ್ನೂ ಅದೇ ಹಾಳೆಯಲ್ಲಿ ಅಳೆಯಿರಿ. ವರ್ಷದ ಕೊನೆಗೆ ಎರಡನ್ನೂ ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಇಡಿ, ಫಲ ಕಾಣದಿದ್ದರೆ ಅದನ್ನೂ ಇಡಿ. ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ ಡಯಟ್‌ನವರಿಗೆ ಇದನ್ನು ಮಾಡುವುದು ಕಷ್ಟವಲ್ಲ.

ಚಿಂತಾಮಣಿ ತಾಲ್ಲೂಕನ್ನು ಆರಿಸಿದರೆ ನನ್ನದೊಂದು ಅರ್ಜಿ ಈಗಲೇ ಇಟ್ಟುಕೊಳ್ಳಿ. ನನ್ನ ಟ್ಯೂಷನ್ ಶುರುವಾಗುವುದು ಸಂಜೆ ಐದಕ್ಕೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ನಾನು ಬಿಡುವಾಗಿದ್ದೇನೆ, ಬಿಎಡ್ ಕೂಡ ಆಗಿದೆ. ತೆಲುಗೂ ಬರುತ್ತದೆ.

ಇಂತಿ ನಮಸ್ಕಾರಗಳು,
ಚಿಂತಾಮಣಿಯ ಒಬ್ಬ ಟ್ಯೂಷನ್ ಮಿಸ್